ಎತ್ತಿನ ಮೈಗಿರುವ ಲೆಕ್ಕ ನಮ್ಮ ಮೈಗೆ ಯಾಕಿಲ್ಲ?

ನನ್ನ ತಂಗಿಯ ಮಗ ಬೆಂಗಳೂರಿನ ಒಂದು ಜಿಮ್ಮಿನಲ್ಲಿ ಜನರಿಗೆ ವ್ಯಾಯಾಮ ಹೇಳಿಕೊಡುವ ಕೆಲಸ ಮಾಡ್ತಾನೆ. ಒಬ್ಬೊಬ್ಬರ ಪಕ್ಕದಲ್ಲೂ ನಿಂತು, ಇಷ್ಟು ಎತ್ತು, ಹೀಗೆ ಬಗ್ಗು, ಇಷ್ಟು ತಿನ್ನು ಅಂತ ಹೇಳೋದೇ ಅವನ ಉದ್ಯೋಗ. ಅದಕ್ಕೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡುವವರೂ ಇದ್ದಾರೆ. ಅವನು ಈ ಕೆಲಸಕ್ಕೆ ಸೇರಿದಾಗ ನಾನು ನಕ್ಕಿದ್ದೆ. "ಅವರನ್ನ ನಮ್ಮೂರಿಗೆ ಕಳಿಸು. ನಾಲ್ಕು ದಿನ ಗುದ್ದಲಿ ಹಿಡೀಲಿ. ಅವರ ದುಡ್ಡೂ ಉಳೀತದೆ, ನನ್ನ ಬದುವೂ ಆಗ್ತದೆ" ಅಂದಿದ್ದೆ. ಹೊಲದಲ್ಲಿ ಗೇಯುವವನಿಗೆ ವ್ಯಾಯಾಮ ಯಾಕೆ ಬೇಕು ಅಂತ ನನ್ನ ವಾದ. ಇದನ್ನು ಓದುತ್ತಿರುವ ನಿಮ್ಮಲ್ಲೂ ಮುಕ್ಕಾಲು ಪಾಲು ಜನ ಹಾಗೇ ಅಂದುಕೊಂಡಿರ್ತೀರಿ. ಆ ಮಾತು ತಪ್ಪು ಅಂತ ನನಗೆ ಗೊತ್ತಾಗಿದ್ದು 2024ರ ಮುಂಗಾರಿನಲ್ಲಿ, ಅದೂ ಬೆಳೆ ಕಳಕೊಂಡ ಮೇಲೆ.

ನಂದು ಚಳ್ಳಕೆರೆ ತಾಲ್ಲೂಕು. ಏಳು ಎಕರೆ ಖುಷ್ಕಿ, ಒಂದು ಜೊತೆ ಎತ್ತು. ಬೋರು ಇಲ್ಲ. ಮಳೆ ಬಂದರೆ ಶೇಂಗಾ, ಅಕ್ಕಡಿ ಸಾಲಿಗೆ ತೊಗರಿ, ಮನೆ ಮಟ್ಟಿಗೆ ರಾಗಿ, ಹುರುಳಿ. 2023ರಲ್ಲಿ ಬರ ಬಿತ್ತು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಸರ್ಕಾರ ಬರಪೀಡಿತ ಅಂತ ಘೋಷಣೆ ಮಾಡಿದ ವರ್ಷ ಅದು. ನಾನು ಆ ಶ್ರಾವಣದಿಂದ ಮುಂದಿನ ಮುಂಗಾರಿನ ತನಕ ಮಾಡಿದ ಕೆಲಸ ಅಂದರೆ ಎತ್ತಿಗೆ ಮೇವು ಹೊಂಚೋದು, ಅರಳೀಕಟ್ಟೆ ಮೇಲೆ ಕೂತು ಮೋಡ ನೋಡೋದು. ಹೊಲಕ್ಕೆ ಹೋಗೋದಿದ್ದರೂ ಮೊಪೆಡ್ಡು. ಹೊಟ್ಟೆ ಮುಂದೆ ಬಂದಿತ್ತು. ಅದನ್ನ ವಯಸ್ಸು ಅಂದುಕೊಂಡೆ.

2024ರ ಆರಿದ್ರಾ ಮಳೆ ಕೊನೇ ಪಾದದಲ್ಲಿ ಒಳ್ಳೆ ಹದ ಆಯ್ತು. ಎದ್ದೆನೋ ಬಿದ್ದೆನೋ ಅಂತ ಬಿತ್ತನೆ ಶುರು ಮಾಡಿದೆವು. ಮೊದಲ ದಿನ ಬೆಳಗಿನ ಆರರಿಂದ ಕತ್ತಲಾಗೋ ತನಕ ಕೂರಿಗೆ ಹಿಂದೆ ನಡೆದೆ. ಎರಡನೇ ದಿನ ಸಂಜೆಗೆ ಮೂರು ಎಕರೆ ಮುಗಿದಿತ್ತು. ನಾಳೆಗೆ ಬೇಕು ಅಂತ ಗಾಡಿಯಿಂದ ಡಿಎಪಿ ಚೀಲ ಇಳಿಸೋಕೆ ಹೋದೆ. ಯೂರಿಯಾ ಚೀಲ 2018ರಿಂದ 45 ಕಿಲೋಗೆ ಇಳಿದಿದೆ, ಡಿಎಪಿ ಮಾತ್ರ 50 ಕಿಲೋ. ನಿಂತಲ್ಲೇ ಬಗ್ಗಿ, ಚೀಲದ ಎರಡು ಕಿವಿ ಹಿಡಿದು, ಸೊಂಟ ತಿರುಗಿಸಿ ಬದಿಗೆ ಎಸೆದೆ. ಚೀಲ ಬಿತ್ತು, ಅದರ ಮೇಲೆ ನಾನೂ ಬಿದ್ದೆ. ಎದ್ದು ನಿಲ್ಲೋಕೆ ಆಗಲಿಲ್ಲ. ಗಾಡಿ ಮೇಲೆ ಮಲಗಿಸಿಕೊಂಡು ಮನೆಗೆ ತಂದರು.

ಒಂಬತ್ತು ದಿನ ಹಾಸಿಗೆ. ಹದ ಇದ್ದಾಗ ಯಾರ ಎತ್ತೂ ಬಿಡುವಿರಲ್ಲ, ಬಾಡಿಗೆ ಟ್ರ್ಯಾಕ್ಟರೂ ಸಿಗಲ್ಲ, ನಿಮಗೇ ಗೊತ್ತು. ನಾನು ಏಳೋ ಹೊತ್ತಿಗೆ ಭೂಮಿ ಒಣಗಿತ್ತು. ಉಳಿದ ನಾಲ್ಕು ಎಕರೆಗೆ ಬೀಜ ಬಿದ್ದಿದ್ದು ಪುಷ್ಯ ಮಳೆಯಲ್ಲಿ. ಕಟಾವಾದಾಗ ಮೊದಲು ಬಿತ್ತಿದ ಮೂರು ಎಕರೆಗೆ 24 ಚೀಲ, ಆಮೇಲೆ ಬಿತ್ತಿದ ನಾಲ್ಕು ಎಕರೆಗೆ 15 ಚೀಲ. ಒಂದೇ ಬೀಜ, ಒಂದೇ ಗೊಬ್ಬರ, ಪಕ್ಕ ಪಕ್ಕದ ಹೊಲ. ಮಳೆ ಕೈ ಕೊಟ್ಟಿತು ಅಂತ ಹೇಳೋ ಹಾಗಿಲ್ಲ, ಕೈ ಕೊಟ್ಟಿದ್ದು ನನ್ನ ಸೊಂಟ.

ಅಳಿಯ ಗೌರಿ ಹಬ್ಬಕ್ಕೆ ಬಂದ. ನಾನಿನ್ನೂ ಒಂದು ಕೈ ಸೊಂಟದ ಮೇಲೆ ಇಟ್ಟುಕೊಂಡೇ ಓಡಾಡ್ತಿದ್ದೆ. ಚೀಲ ಎತ್ತಿದ ಕಥೆ ಕೇಳಿ ಅವನು ಬೈತಾನೆ ಅಂದುಕೊಂಡರೆ ಎತ್ತಿನ ಸುದ್ದಿ ತೆಗೆದ.

"ಮಾವ, ಬೇಸಿಗೆಯೆಲ್ಲಾ ಕಟ್ಟಿಹಾಕಿದ ಎತ್ತನ್ನ ಮೊದಲ ಮಳೆಗೆ ಬೆಳಗಿಂದ ರಾತ್ರಿ ತನಕ ಹೂಡ್ತೀಯ?"

ಹೂಡಲ್ಲ. ಯಾರೂ ಹೂಡಲ್ಲ. ಮೊದಲ ದಿನ ಹೊತ್ತೇರೋದರೊಳಗೆ ಬಿಡ್ತೀವಿ. ಎರಡು ಮೂರು ದಿನ ಹಗುರಾದ ಕುಂಟೆ ಕಟ್ಟಿ, ಆಮೇಲೆ ನೇಗಿಲು. ಇಲ್ಲಾಂದರೆ ಹೆಗಲು ಬಾತುಕೊಳ್ತದೆ. ಹೊಸ ಹೋರಿ ಪಳಗಿಸುವಾಗ ಮೊದಲು ಬರೀ ನೊಗ, ಆಮೇಲೆ ಒಂದು ಮರದ ತುಂಡು ಎಳೆಸೋದು, ಆಮೇಲೆ ಖಾಲಿ ಗಾಡಿ, ಆಮೇಲೆ ಹೇರು. ಇದನ್ನ ನಮಗೆ ಯಾರೂ ಪುಸ್ತಕದಲ್ಲಿ ಬರೆದುಕೊಟ್ಟಿಲ್ಲ.

"ನಾನು ಜಿಮ್ಮಿನಲ್ಲಿ ಹೇಳಿಕೊಡೋದು ಇಷ್ಟೇ ಮಾವ. ಸ್ವಲ್ಪ ಸ್ವಲ್ಪವಾಗಿ ಭಾರ ಏರಿಸೋದು, ನಡುವೆ ಬಿಡುವು ಕೊಡೋದು. ನೀನು ಎತ್ತಿಗೆ ಮಾಡ್ತೀಯ, ನಿನಗೆ ಮಾಡ್ಕೊಳ್ಳಲ್ಲ."

ನನಗೆ ಉತ್ತರ ಹೊಳೀಲಿಲ್ಲ. ಇವತ್ತಿಗೂ ಹೊಳೆದಿಲ್ಲ.

ನೀರಾವರಿ ರೈತನ ಮಾತು ಬೇರೆ. ಅವನಿಗೆ ವರ್ಷವಿಡೀ ಒಂದಲ್ಲ ಒಂದು ಕೆಲಸ ಇರ್ತದೆ. ನಮ್ಮ ಬೆಳೆ ಹೇಗೆ ಮಳೆ ಆಶ್ರಿತವೋ ನಮ್ಮ ಮೈಯೂ ಹಾಗೇ. ನಾಲ್ಕೈದು ತಿಂಗಳು ಮೂಳೆ ಸವೆಯೋ ಹಾಗೆ ದುಡಿತ, ಉಳಿದ ತಿಂಗಳು ಕೂತಿದ್ದೇ. ಮೊದಲಾದರೆ ಬೇಸಿಗೆಯಲ್ಲೂ ಗೋಡು ಹೊಡೆಯೋದು, ತಿಪ್ಪೆ ಸಾಗಿಸೋದು, ಸೌದೆ ಒಡೆಯೋದು, ಸಂತೆಗೆ ನಡೆಯೋದು ಇತ್ತು. ಈಗ ಗೋಡು ಜೆಸಿಬಿ ತೋಡ್ತದೆ, ಗೊಬ್ಬರ ಟ್ರ್ಯಾಕ್ಟರು ಹೊರ್ತದೆ, ಸೌದೆ ಬದಲು ಗ್ಯಾಸು, ಸಂತೆಗೆ ಮೊಪೆಡ್ಡು. ಇವೆಲ್ಲ ಬೇಡ ಅಂತ ನಾನು ಹೇಳ್ತಿಲ್ಲ. ಹೊಗೆ ಕುಡಿದು ಕೆಮ್ಮಿದ್ದು ನಮ್ಮ ಹೆಂಗಸರು. ಆದರೆ ಬೇಸಿಗೆಯ ಆ ಕೆಲಸಗಳೇ ನಮ್ಮನ್ನ ಮುಂಗಾರಿಗೆ ಹದ ಮಾಡ್ತಿದ್ದವು ಅನ್ನೋದನ್ನ ಮರೆತುಬಿಟ್ಟೆವು.

ನಮ್ಮ ತಾತನ ಕಾಲಕ್ಕೆ ಊರಲ್ಲಿ ಗರಡಿ ಮನೆ ಇತ್ತು. ದಿನವಿಡೀ ಉತ್ತು ಬಂದ ಹುಡುಗರೇ ಸಂಜೆ ಅಲ್ಲಿ ಹೋಗಿ ದಂಡ, ಬಸ್ಕಿ ಹೊಡೀತಿದ್ದರಂತೆ. ಗೇಮೆಯೇ ವ್ಯಾಯಾಮ ಆಗಿದ್ದರೆ ಅವರು ಯಾಕೆ ಹೋಗ್ತಿದ್ದರು? ಈಗ ಆ ಗರಡಿಯಲ್ಲಿ ಯಾರದ್ದೋ ಹೊಟ್ಟಿನ ಚೀಲ ತುಂಬಿವೆ.

ಇನ್ನೊಂದು ತಮಾಷೆ ಕೇಳಿ. ಜಿಮ್ಮಿನಲ್ಲಿ 'ಫಾರ್ಮರ್ಸ್ ವಾಕ್' ಅಂತ ಒಂದು ವ್ಯಾಯಾಮ ಇದೆಯಂತೆ. ಅಂದರೆ ರೈತನ ನಡಿಗೆ. ಎರಡು ಕೈಯಲ್ಲೂ ಸಮ ಭಾರ ಹಿಡಿದು, ಬೆನ್ನು ನೆಟ್ಟಗೆ ಮಾಡಿ ನಡೆಯೋದು. ಪಟ್ಟಣದವರು ದುಡ್ಡು ಕೊಟ್ಟು ನಮ್ಮ ಹೆಸರಿನ ನಡಿಗೆ ಕಲೀತಾರೆ ಅಂತ ನಾನು ಬಿದ್ದು ಬಿದ್ದು ನಕ್ಕೆ. ಅಳಿಯ, "ನೀನು ಯಾವಾಗ ಹಾಗೆ ನಡೆದಿದ್ದೀಯ ಮಾವ?" ಅಂದ. ಯೋಚನೆ ಮಾಡಿದೆ. ಚೀಲ ಹೊತ್ತರೆ ಬಲ ಹೆಗಲು. ಕ್ಯಾನು ಹಿಡಿದರೆ ಬಲಗೈ. ನಮ್ಮ ಹೆಂಗಸರು ಕೊಡ ಇಡೋದು ಒಂದೇ ಸೊಂಟದ ಮೇಲೆ. ಕೂಲಿಯವರು ಕಾಯ್ತಾರೆ ಅಂತ ಬಿಡುವಿಲ್ಲ, ಅಳತೆಯಿಲ್ಲ. ಭಾರ ಎತ್ತೋದು ಎರಡೂ ಕಡೆ ಇದೆ, ಅವರದ್ದು ಮೈ ಕಟ್ತದೆ, ನಮ್ಮದು ಸವೆಸ್ತದೆ.

ಇದು ಬರೀ ಅಳಿಯನ ಮಾತಲ್ಲ. ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಬಿಡುವಿನಲ್ಲಿ ಮೈ ದಣಿಸುವವರಿಗೆ ಹೃದಯದ ತೊಂದರೆ ಕಡಿಮೆ, ಹೊಟ್ಟೆಪಾಡಿನ ಕೆಲಸದಲ್ಲಿ ಮೈ ದಣಿಸುವವರಿಗೆ ಹೆಚ್ಚು ಅಂತ ಅದರಲ್ಲಿ ಕಂಡುಬಂತು. ಅದು ಅಲ್ಲಿನ ದುಡಿಮೆಗಾರರ ಕಥೆ, ಬಡತನ, ಬೀಡಿ ಸಿಗರೇಟಿನಂಥ ಬೇರೆ ಕಾರಣವೂ ಸೇರಿರಬಹುದು ಅಂತ ವಾದ ಇದೆ. ಆದರೂ ದುಡಿತ ಬೇರೆ, ವ್ಯಾಯಾಮ ಬೇರೆ ಅನ್ನೋದನ್ನ ನಾನು ಈಗ ಒಪ್ಪಿದ್ದೇನೆ.

ಅಳಿಯ ಹೇಳಿದ್ದೆಲ್ಲಾ ಒಪ್ಪಿದೆ ಅಂತಲ್ಲ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೀಬೇಕು ಅಂತ ಪಟ್ಟಣದಲ್ಲಿ ಒಂದು ಮಾತಿದೆ. ಅವನ ಫೋನು ಹೆಜ್ಜೆ ಎಣಿಸ್ತದೆ. ನಮ್ಮನೆಯವಳು ಆ ತಡವಾದ ನಾಲ್ಕು ಎಕರೆಯಲ್ಲಿ ಕಳೆ ತೆಗೆಯೋಕೆ ಹೊರಟಿದ್ದಳು. ನೋಡೋಣ ಅಂತ ಅವಳ ಎಲೆಅಡಿಕೆ ಚೀಲದಲ್ಲಿ ಆ ಫೋನು ಇಟ್ಟು ಸೊಂಟಕ್ಕೆ ಸಿಕ್ಕಿಸಿ ಕಳಿಸಿದೆವು. ಬೆಳಗಿಂದ ಸಂಜೆ ತನಕ ಕುಕ್ಕರಗಾಲಿನಲ್ಲಿ ಕೂತು, ಸಾಲಿನುದ್ದಕ್ಕೂ ಜರುಗುತ್ತಾ ಕಳೆ ಕಿತ್ತವಳು ಸಂಜೆ ಮೊಣಕಾಲು ಹಿಡಿದುಕೊಂಡು ಮನೆಗೆ ಬಂದಳು. ಫೋನು ತೋರಿಸಿದ್ದು ಮೂರು ಸಾವಿರ ಚಿಲ್ಲರೆ ಹೆಜ್ಜೆ. ಆ ಲೆಕ್ಕದಲ್ಲಿ ಅವಳು ಸೋಮಾರಿ! ನಾನು ನಕ್ಕೆ, ಅಳಿಯ ನಗಲಿಲ್ಲ. "ಅತ್ತೆ ಕೆಲಸ ಈ ಯಂತ್ರಕ್ಕೆ ಕಾಣಲ್ಲ" ಅಂದ. ಆಮೇಲೆ ಅವನೇ ಹೇಳಿದ, ಈ ಹತ್ತು ಸಾವಿರದ ಲೆಕ್ಕ ಯಾವ ಡಾಕ್ಟರೂ ಕಂಡುಹಿಡಿದಿದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸೋ ಯಂತ್ರ ಮಾಡಿ, ಅದಕ್ಕೆ 'ಹತ್ತು ಸಾವಿರ ಹೆಜ್ಜೆ' ಅಂತ ಹೆಸರಿಟ್ಟು ಮಾರಿತು. ಮಾರೋರು ಇಟ್ಟ ಹೆಸರು ಲೋಕಕ್ಕೆಲ್ಲಾ ನಿಯಮ ಆಯ್ತು. ಬೀಜದ ಪ್ಯಾಕೆಟ್ಟಿನ ಮೇಲೆ ಬರೆದ ಇಳುವರಿ ನಂಬಿ ಕೆಟ್ಟ ನಮಗೆ ಇದು ಹೊಸದೇನಲ್ಲ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮೈ ಬೆಚ್ಚಗಾಗೋ ಹಾಗೆ ಚಟುವಟಿಕೆ, ಜೊತೆಗೆ ವಾರದಲ್ಲಿ ಎರಡು ದಿನವಾದರೂ ಮಾಂಸಖಂಡ ಗಟ್ಟಿ ಮಾಡೋ ವ್ಯಾಯಾಮ. ನಮ್ಮ ಕೂತು ತಿನ್ನೋ ತಿಂಗಳುಗಳಿಗೆ ಈ ಲೆಕ್ಕ ಸರಿಹೊಂದ್ತದೆ.

ವ್ಯಾಯಾಮ ಹೇಳೋ ಮೊದಲು ಅವನು ಒಂದು ಹಟ ಹಿಡಿದ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಬಿಪಿ, ಸಕ್ಕರೆ ನೋಡಿಸು ಅಂತ. ನನಗೆ ಏನಾಗಿದೆ ಅಂತ ಜಗಳಾಡಿದೆ. ಹೋದರೆ ಬಿಪಿ 170ಕ್ಕೆ 100. ಮತ್ತೆರಡು ಸಲ ನೋಡಿದರೂ ಹಾಗೇ. ತಲೆನೋವಿಲ್ಲ, ತಲೆಸುತ್ತಿಲ್ಲ, ಏನೂ ಗೊತ್ತಾಗಿರಲಿಲ್ಲ. ಡಾಕ್ಟರು ಕೇಳಿದರು, ನೋವಿನ ಮಾತ್ರೆ ತಗೋತೀರಾ ಅಂತ. ಸೊಂಟ ಹಿಡಿದಾಗಿನಿಂದ ಎರಡು ತಿಂಗಳು ಅಂಗಡಿಯಿಂದ ತಂದು ದಿನಾ ನುಂಗ್ತಿದ್ದೆ. ನಡುವೆ ಎರಡು ಸಲ ಇಂಜೆಕ್ಷನ್ ಬೇರೆ. ಅಂಥ ಮಾತ್ರೆ ದಿನಾ ನುಂಗಿದರೆ ಬಿಪಿ ಏರ್ತದೆ, ಮೂತ್ರಪಿಂಡ ಕೆಡ್ತದೆ ಅಂತ ಆವತ್ತೇ ತಿಳಿದಿದ್ದು. ಐಸಿಎಂಆರ್ ನಡೆಸಿದ ದೇಶಮಟ್ಟದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ದೊಡ್ಡವರಲ್ಲಿ ನೂರಕ್ಕೆ 35 ಜನರಿಗೆ ಬಿಪಿ, 11 ಜನರಿಗೆ ಸಕ್ಕರೆ ಕಾಯಿಲೆ. ನಮ್ಮ ಅರಳೀಕಟ್ಟೆ ಮೇಲೆ ಒಂಬತ್ತು ಜನ ಕೂತಿದ್ದರೆ ಮೂವರಿಗೆ ಬಿಪಿ ಇರಬಹುದು, ಗೊತ್ತಿರೋದು ಒಬ್ಬನಿಗೋ ಏನೋ. 30 ದಾಟಿದವರಿಗೆ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಇದನ್ನ ಪುಕ್ಕಟೆ ನೋಡ್ತಾರೆ. ಹೋಗೋಕೆ ನಮಗೆ ನಾಚಿಕೆ.

ಊಟದ ವಿಚಾರದಲ್ಲಿ ನಾವಿಬ್ಬರೂ ಅರ್ಧರ್ಧ ಗೆದ್ದೆವು. ಜಿಮ್ಮಿನ ಹುಡುಗರು ಪ್ರೋಟೀನ್ ಪುಡಿ ಕಲಸಿ ಕುಡೀತಾರೆ. ಡಬ್ಬಿಯ ಬೆಲೆ ಕೇಳಿದರೆ ನಮ್ಮ ಎತ್ತಿನ ಹಿಂಡಿ ಲೆಕ್ಕ ನೆನಪಾಗ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರೇ 2024ರ ಆಹಾರ ಮಾರ್ಗಸೂಚಿಯಲ್ಲಿ ಮೈ ಕಟ್ಟೋಕೆ ಅಂಥ ಪುಡಿ ಬೇಡ ಅಂದಿದ್ದಾರೆ. ನಮ್ಮ ಹುರುಳಿಯಲ್ಲಿ, ಶೇಂಗಾದಲ್ಲಿ ನೂರು ಗ್ರಾಮಿಗೆ 22ರಿಂದ 25 ಗ್ರಾಂ ಪ್ರೋಟೀನು ಇದೆ. ನೂರು ಗ್ರಾಂ ರಾಗಿಯಲ್ಲಿ ಮೂಳೆಗೆ ಬೇಕಾದ ಸುಣ್ಣದಂಶ 300 ಮಿಲಿಗ್ರಾಮಿಗೂ ಮೇಲೆ. ಆದರೆ ನಾವು ಮಾಡೋದೇನು? ಶೇಂಗಾವನ್ನೆಲ್ಲಾ ಮಾರುಕಟ್ಟೆಗೆ ಹಾಕಿ, ಅಂಗಡಿಯಿಂದ ಪಾಮೆಣ್ಣೆ ತರ್ತೀವಿ. ಮನೆಯಲ್ಲಿ ಹುರುಳಿಕಾಳು ಇಟ್ಟುಕೊಂಡು ತಿಳಿಸಾರಿನಲ್ಲಿ ಊಟ ಮುಗಿಸ್ತೀವಿ. ಇದು ಅವನ ಬಾಯಿ ಮುಚ್ಚಿಸೋಕೆ ನಾನು ತೆಗೆದ ಮಾತು, ಕೊನೆಗೆ ನನ್ನ ಬಾಯೇ ಮುಚ್ಚಿತು.

ಅವನು ಗೆದ್ದದ್ದು ಮುದ್ದೆಯಲ್ಲಿ. ಉಳುವ ದಿನವೂ ನನಗೆ ಮೂರು ಹೊತ್ತು ಮುದ್ದೆ, ಕಟ್ಟೆ ಮೇಲೆ ಕೂತ ದಿನವೂ ಮೂರು ಹೊತ್ತು ಮುದ್ದೆ, ಅದೇ ಗಾತ್ರ. "ಎತ್ತಿಗೆ ಗೇಯುವಾಗ ಹುರುಳಿ, ಹಿಂಡಿ ಇಡ್ತೀಯ. ಕಟ್ಟಿಹಾಕಿದಾಗ ಬರೀ ಮೇವು. ನಿನಗೆ ಮಾತ್ರ ವರ್ಷವಿಡೀ ಹಿಂಡಿಯಾ?" ಅಂದ. ಈಗ ಗೇಮೆ ಇಲ್ಲದ ದಿನ ರಾತ್ರಿ ಮುದ್ದೆ ಅರ್ಧ ಮಾಡಿ ಪಲ್ಯ ಹೆಚ್ಚು ಮಾಡಿದ್ದೇವೆ. ಉಪ್ಪು ದಿನಕ್ಕೆ ಒಬ್ಬರಿಗೆ ಐದು ಗ್ರಾಂ, ಅಂದರೆ ಒಂದು ಟೀ ಚಮಚದ ಒಳಗೆ ಇರಬೇಕಂತೆ. ಇದು ಕಷ್ಟ. ಉಪ್ಪಿನಕಾಯಿ ಇಲ್ಲದೆ ನನಗೆ ಅನ್ನ ಇಳಿಯಲ್ಲ, ಸುಳ್ಳು ಯಾಕೆ ಹೇಳಲಿ.

2025ರ ಯುಗಾದಿಗೆ ಅವನು ಮತ್ತೆ ಬಂದಾಗ ಮೂರ್ನಾಲ್ಕು ವ್ಯಾಯಾಮ ತೋರಿಸಿಕೊಟ್ಟ. ಭರಣಿ ಮಳೆ ಹೊತ್ತಿಗೆ ಶುರು ಮಾಡಿದೆ, ಬಿತ್ತನೆಗೆ ಆರೇಳು ವಾರ ಮುಂಚೆ. ಜಗಲಿ ಮೇಲೆ ಕೂತು, ಕೈ ಊರದೆ ಎದ್ದು ನಿಲ್ಲೋದು, ಮತ್ತೆ ಮೆಲ್ಲಗೆ ಕೂರೋದು, ಹತ್ತು ಸಲ. ಇದು ನಮ್ಮ ಬಸ್ಕಿಯೇ, ವಯಸ್ಸಾದವರಿಗೆ ಹಗುರ ಮಾಡಿದ್ದು. ಮೊದಲ ದಿನ ಆರಕ್ಕೇ ತೊಡೆ ನಡುಗಿತು, ಇಷ್ಟು ವರ್ಷ ಉತ್ತವನಿಗೆ! ಆಮೇಲೆ ಚಾಪೆ ಮೇಲೆ ಅಂಗಾತ ಮಲಗಿ, ಮಂಡಿ ಮಡಚಿ, ಪಾದ ಊರಿ ಸೊಂಟ ಮೇಲೆತ್ತಿ ಐದು ಎಣಿಸೋ ತನಕ ಹಿಡಿಯೋದು. ಅಂಬೆಗಾಲಿನಲ್ಲಿ ನಿಂತು ಒಂದು ಕೈ ಮುಂದಕ್ಕೆ, ಎದುರು ಬದಿಯ ಕಾಲು ಹಿಂದಕ್ಕೆ ಚಾಚೋದು, ಮತ್ತೆ ಆ ಕಡೆ. ಕೊನೆಗೆ ಆ ರೈತನ ನಡಿಗೆ. ಎರಡು ಬಕೆಟ್ಟಿಗೆ ಅರ್ಧರ್ಧ ನೀರು ತುಂಬಿ ಹಿತ್ತಿಲಿಂದ ಕೊಟ್ಟಿಗೆಗೆ, ವಾರ ಕಳೆದಂತೆ ತುಂಬಾ ನೀರು. ಎತ್ತಿಗೆ ನೀರು ಕುಡಿಸಿದ ಹಾಗೂ ಆಯ್ತು. ಎಲ್ಲಾ ದಿನ ಬಿಟ್ಟು ದಿನ, ಅರ್ಧ ಗಂಟೆ ಒಳಗೆ. ಉಸಿರು ಬಿಗಿ ಹಿಡಿಯಬಾರದು, ಬಿಪಿ ಇರುವವರು ಮುಖ್ಯವಾಗಿ. ನಾನು ಡಾಕ್ಟರನ್ನ ಕೇಳಿಯೇ ಶುರು ಮಾಡಿದ್ದು. ನೋವು ಕಾಲಿಗೆ ಇಳಿಯುವವರು, ಕಾಲು ಜೋಮು ಹಿಡಿಯುವವರು ಮೊದಲು ಡಾಕ್ಟರಿಗೆ ತೋರಿಸಬೇಕು. ಮೂತ್ರ ಕಟ್ಟಿದರೆ ಅಥವಾ ತಡೆಯೋಕೆ ಆಗದಿದ್ದರೆ ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಅದಕ್ಕೆ ವ್ಯಾಯಾಮ ಮದ್ದಲ್ಲ.

ಬೆಳಿಗ್ಗೆ ಸುಮ್ಮನೆ ನಡೆಯೋಕೆ ಹೋದರೆ ಊರವರು, "ಯಾಕಣ್ಣ, ಎಮ್ಮೆ ಕಳಕೊಂಡಿದ್ದೀಯಾ?" ಅಂತ ಕೇಳಿದರು. ಎರಡು ವಾರ ಕೇಳಿ ಅವರೇ ಸುಸ್ತಾದರು.

ಚೀಲ ಎತ್ತೋ ಕ್ರಮವನ್ನೂ ಬದಲು ಮಾಡಿದ್ದೇನೆ. ಚೀಲದ ಹತ್ತಿರ ಕಾಲು ಅಗಲಿಸಿ ನಿಂತು, ಮಂಡಿ ಬಗ್ಗಿಸಿ ಕೆಳಗಿಳಿದು, ಚೀಲವನ್ನ ಎದೆಗೆ ಅವಚಿಕೊಂಡು, ಕಾಲಿನ ಬಲದಿಂದ ಏಳಬೇಕು. ತಿರುಗಬೇಕಾದರೆ ಪಾದ ಎತ್ತಿಟ್ಟು ತಿರುಗಬೇಕು, ಸೊಂಟ ತಿರುಚಬಾರದು. ಇನ್ನೊಬ್ಬ ಇದ್ದರೆ ಇಬ್ಬರು ಹಿಡಿಯಬೇಕು. ಒಬ್ಬನೇ 50 ಕಿಲೋ ಎತ್ತೋದು ಗಂಡಸುತನ ಅಂತ ನಮಗೆ ಯಾರು ಕಲಿಸಿದರೋ.

2025ರ ಬಿತ್ತನೆಯಲ್ಲಿ ಮೊದಲ ದಿನ ನಾನೂ ಎತ್ತುಗಳೂ ಹೊತ್ತೇರಿದ ಮೇಲೆ ಬಿಟ್ಟೆವು. ಎರಡನೇ ದಿನ ಸೊಂಟ ನೋಯಿತು, ಇಲ್ಲ ಅನ್ನಲ್ಲ. ಆದರೆ ಮಲಗಲಿಲ್ಲ. ಏಳೂ ಎಕರೆ ಒಂದೇ ಹದದಲ್ಲಿ ಮುಗೀತು. ಇದು ಒಂದು ವರ್ಷದ, ಒಬ್ಬನ ಅನುಭವ. ವ್ಯಾಯಾಮದಿಂದಲೇ ಆಯ್ತು ಅಂತ ಆಣೆ ಮಾಡಲಾರೆ. ಬಿಪಿ ಮಾತ್ರೆ ನಡೀತಾ ಇದೆ.

ಇಷ್ಟೆಲ್ಲಾ ನಾನು ಬರೀತಾ ಕೂತಿರೋದನ್ನ ನೋಡಿ ನಮ್ಮನೆಯವಳು ಒಂದು ಮಾತು ಕೇಳಿದಳು. "ನಿಮ್ಮ ಸೊಂಟಕ್ಕೆ ಅಳಿಯ ಬಂದ. ನನ್ನ ಮೊಣಕಾಲಿಗೆ ಯಾರು ಬರ್ತಾರೆ?" ನಾನು ಬೇಸಿಗೆಯಲ್ಲಾದರೂ ಕೂತೆ, ಅವಳು ಕೂತ ತಿಂಗಳು ಯಾವುದು? ಅಡಿಗೆ, ನೀರು, ಕೊಟ್ಟಿಗೆ, ಕೂಲಿ. ಅವಳಿಗೆ ವ್ಯಾಯಾಮ ಮಾಡು ಅಂದರೆ ಅದೂ ಒಂದು ಕೆಲಸ ಹೇಳಿದ ಹಾಗೆ. ಹೊಲದಲ್ಲಿ ನೀರು ಕುಡಿ ಅಂದರೆ ಕುಡಿಯಲ್ಲ, ಮರೆಯಾಗೋಕೆ ಒಂದು ಬೇಲಿಯೂ ಇಲ್ಲದ ಹೊಲ ನಮ್ಮದು. ಉರಿಮೂತ್ರ ಅಂತ ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದಾಳೆ. ನನಗೆ ಅದರ ಕಾರಣ ಹೊಳೆದಿದ್ದೇ ಅಳಿಯ ಕೇಳಿದ ಮೇಲೆ. ಹೊಲದ ಮೂಲೆಯಲ್ಲಿ ನಾಲ್ಕು ಗಳ ನೆಟ್ಟು ತೆಂಗಿನಗರಿ ಕಟ್ಟಿ ಮರೆ ಮಾಡಿದ್ದೇನೆ. ಅರ್ಧ ದಿನದ ಕೆಲಸ, ಇಷ್ಟು ವರ್ಷ ಮಾಡಿರಲಿಲ್ಲ. ಕಳೆ ತೆಗೆಯೋ ಹೆಂಗಸರೆಲ್ಲಾ ಈಗ ಬಿಂದಿಗೆ ತುಂಬಾ ನೀರು ತರ್ತಾರೆ, ಮಧ್ಯಾಹ್ನಕ್ಕೆ ಖಾಲಿ ಆಗ್ತದೆ.

ಮೊಣಕಾಲಿನ ಲೆಕ್ಕ ಮಾತ್ರ ಬಾಕಿ ಇದೆ. ಕುಕ್ಕರಗಾಲಿನಲ್ಲಿ ಕೂರೋದು ತಪ್ಪಿಸದೆ ಅವಳ ನೋವು ಹೋಗಲ್ಲ ಅಂತ ಅಳಿಯ, ಡಾಕ್ಟರು ಇಬ್ಬರೂ ಹೇಳಿದ್ದಾರೆ. ನಿಂತುಕೊಂಡೇ ತಳ್ಳುವ ಸೈಕಲ್ ಎಡೆಕುಂಟೆ ತರೋಣ ಅಂತಿದ್ದೇನೆ. ಸಾಲಿನ ನಡುವೆ ಅದು ನಡೀತದೆ, ಗಿಡದ ಬುಡದ ಕಳೆಗೆ ಏನು ಮಾಡೋದು, ಹೂಡು ಇಳಿಯೋ ಹೊತ್ತಿಗೆ ಬಳಸಿದರೆ ಕಾಯಿಗೆ ಪೆಟ್ಟಾಗ್ತದಾ ಅನ್ನೋದು ತಿಳಿಯದು. ಶೇಂಗಾ ಹೊಲದಲ್ಲಿ ಅದನ್ನ ಎರಡು ಮೂರು ಹಂಗಾಮು ಬಳಸಿದವರು, ಅದರಲ್ಲೂ ತಳ್ಳಿದ ಹೆಂಗಸರೇ, ತಮ್ಮ ಅನುಭವವನ್ನ ಪತ್ರಿಕೆಗೆ ಬರೆದರೆ ಉಪಕಾರ ಆಗ್ತದೆ.